ಎರಡು ದೇಶಗಳಿಗೆ ಆಡಿದ ನವಾಬರು

ಕಳೆದ ವರ್ಷದ ಅಂತರ ಕಾಲೇಜು ಪಂದ್ಯಗಳಲ್ಲಿ ನಮ್ಮ ಕ್ರಿಕೆಟ್ ತಂಡ ಸೋತದ್ದು ಅನೇಕರಿಗೆ ನೆನಪಿರಬಹುದು. ಆದರೆ ಸೋಲಿಗಿಂತ ಹೆಚ್ಚಾಗಿ ನಮ್ಮನ್ನು ಚುಚ್ಚಿದ ಸಂಗತಿ ಬೇರೊಂದು. ಅದರ ಹಿಂದಿನ ವರ್ಷ ನಮ್ಮೊಡನೆಯೇ ಆಡುತ್ತಿದ್ದ ಗೆಳೆಯನೊಬ್ಬ ಎದುರು ತಂಡದ ಪರವಾಗಿ ದಾಂಡು ಹಿಡಿದು ಬಂದಿದ್ದ. ಶುಲ್ಕದಲ್ಲಿ ರಿಯಾಯಿತಿ ದೊರೆತದ್ದರಿಂದ ಅವನು ಆ ಕಾಲೇಜಿಗೆ ಸೇರಿದ್ದ. ಅವನು ಐವತ್ತು ಓಟ ದಾಟಿದಾಗ ನಮ್ಮಲ್ಲಿ ಒಬ್ಬನೂ ಕೈತಟ್ಟಲಿಲ್ಲ. ಪಂದ್ಯ ಮುಗಿದ ಮೇಲೆ ಅವನು ನಗುತ್ತ ನಮ್ಮತ್ತ ಬಂದಾಗ ಎಲ್ಲರೂ ಮುಖ ತಿರುಗಿಸಿದೆವು. ಮೊದಲು ತಿರುಗಿಸಿದವನು ನಾನೇ.

ಒಂದು ಪಕ್ಷವನ್ನು ಬಿಟ್ಟು ಇನ್ನೊಂದು ಪಕ್ಷಕ್ಕೆ ಆಡಿದವನು ದ್ರೋಹಿಯೇ? ಈ ಪ್ರಶ್ನೆ ಮನಸ್ಸಿನಲ್ಲಿ ಉಳಿದಿದ್ದಾಗಲೇ ಇಫ್ತಿಕಾರ್ ಅಲಿ ಖಾನ್ ಅವರ ಜೀವನವನ್ನು ಓದುವ ಸಂದರ್ಭ ನನಗೆ ಒದಗಿತು. ಪಟೌಡಿಯ ನವಾಬರೆಂದು ಲೋಕಪ್ರಸಿದ್ಧರಾದವರು ಇವರೇ. ಇಂಗ್ಲೆಂಡು ಮತ್ತು ಭಾರತ ಎರಡಕ್ಕೂ ಟೆಸ್ಟ್ ಪಂದ್ಯಗಳಲ್ಲಿ ಆಡಿದವರು ಇವರೊಬ್ಬರೇ.

ಪಟೌಡಿ ದೆಹಲಿಗೆ ಸಮೀಪದ ಒಂದು ಚಿಕ್ಕ ಸಂಸ್ಥಾನ. ಈಗ ಹರಿಯಾಣ ರಾಜ್ಯಕ್ಕೆ ಸೇರಿದೆ. ಇಫ್ತಿಕಾರರು ಹುಟ್ಟಿದ್ದು 1910ರ ಮಾರ್ಚ್ 16ರಂದು. 1917ರಲ್ಲಿ ತಂದೆ ತೀರಿಕೊಂಡಾಗ ಏಳು ವರ್ಷದ ಬಾಲಕನೇ ನವಾಬನಾದ. ಲಾಹೋರಿನಲ್ಲಿ ಮೊದಲ ವಿದ್ಯಾಭ್ಯಾಸ ಮುಗಿಸಿ ಅವರು ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜಿಗೆ ಹೋದರು. 1931ರಲ್ಲಿ ಆಕ್ಸ್‌ಫರ್ಡಿಗೂ ಕೇಂಬ್ರಿಜ್ಜಿಗೂ ನಡೆದ ಪಂದ್ಯದಲ್ಲಿ ಕೇಂಬ್ರಿಜ್ಜಿನ ರ್‍ಯಾಟ್‌ಕ್ಲಿಫ್ 201 ಓಟ ಗಳಿಸಿ ದಾಖಲೆ ಮಾಡಿದರು. ಆ ದಾಖಲೆ ಒಂದು ದಿನವೂ ಪೂರ್ತಿಯಾಗಿ ಬಾಳಲಿಲ್ಲ. ಮರುದಿನವೇ ನಮ್ಮ ನವಾಬರು ಔಟಾಗದೆ 238 ಓಟ ಗಳಿಸಿ ಅದನ್ನು ಮೀರಿದರು. ಅವರ ದಾಖಲೆಯಾದರೋ 2005ರವರೆಗೆ ಅಳಿಯದೆ ನಿಂತಿತು.

ಭಾರತ ತನ್ನ ಮೊದಲನೆಯ ಟೆಸ್ಟ್ ಪಂದ್ಯವನ್ನು ಲಾರ್ಡ್ಸ್ ಮೈದಾನದಲ್ಲಿ ಆಡಿದ್ದು 1932ರ ಜೂನ್ ತಿಂಗಳಲ್ಲಿ. ಸಿ. ಕೆ. ನಾಯುಡು ಅವರು ನಾಯಕರು. ಆ ತಂಡದಲ್ಲಿ ಪಟೌಡಿಯವರು ಇರಲಿಲ್ಲ. ಅದೇ ವರ್ಷ ಅವರು ಇಂಗ್ಲೆಂಡಿನ ವೂಸ್ಟರ್‌ಶೈರ್ ಪರವಾಗಿ ಆಡಲಾರಂಭಿಸಿದ್ದರು. ಡಿಸೆಂಬರಿನಲ್ಲಿ, ಇಂಗ್ಲೆಂಡಿನ ಟೋಪಿ ಧರಿಸಿ, ಸಿಡ್ನಿಯಲ್ಲಿ ಆಸ್ಟ್ರೇಲಿಯದ ವಿರುದ್ಧ ತಮ್ಮ ಮೊದಲನೆಯ ಟೆಸ್ಟನ್ನು ಆಡಿದರು. 102 ಓಟ ಹೊಡೆದರು. ಅವರಿಗಿಂತ ಮೊದಲು ರಣಜಿತ್‌ಸಿಂಹಜಿಯವರು 1896ರಲ್ಲಿ, ದುಲೀಪ್‌ಸಿಂಹಜಿಯವರು 1930ರಲ್ಲಿ, ಇಂಗ್ಲೆಂಡಿನ ಪರವಾಗಿಯೇ ಆಸ್ಟ್ರೇಲಿಯದ ಎದುರು ಆಡಿದ ತಮ್ಮ ಮೊದಲ ಟೆಸ್ಟಿನಲ್ಲಿ ಶತಕ ಗಳಿಸಿದ್ದರು. ಈ ಸಾಲಿನಲ್ಲಿ ಮೂರನೆಯವರು ಪಟೌಡಿ.

ಇಲ್ಲಿಗೆ ಕಥೆ ಮುಗಿದಿದ್ದರೆ, ಪರರ ಮನೆಯ ದೀಪಕ್ಕೆ ಎಣ್ಣೆಯೆರೆದ ಮತ್ತೊಬ್ಬ ಅರಸು ಮಗ ಎಂದು ನಾನು ಪುಸ್ತಕವನ್ನು ಮುಚ್ಚಿಡುತ್ತಿದ್ದೆ. ಆದರೆ ಆ ಪ್ರವಾಸದ ನಾಯಕರು ಡಗ್ಲಸ್ ಜಾರ್ಡಿನ್. ಅವರು ಹುಟ್ಟಿದ್ದು ನಮ್ಮ ಮುಂಬಯಿಯಲ್ಲಿ ಎಂಬುದೊಂದು ವಿಚಿತ್ರ. ಬ್ರಾಡ್ಮನ್ನರನ್ನು ಕಟ್ಟಿಹಾಕಲು ಅವರು ಹೂಡಿದ ತಂತ್ರವೇ ಬಾಡಿಲೈನ್. ಲಾರ್ವುಡ್ಡರಂಥ ವೇಗದ ಬೌಲರುಗಳು ದಾಂಡಿಗನ ಮೈಯ ಕಡೆಗೆ ಚೆಂಡು ಪುಟಿದೇಳುವಂತೆ ಎಸೆಯುವುದು. ಪ್ರಾಣಭಯದಿಂದ ಅವನು ದಾಂಡನ್ನು ಅಡ್ಡ ಹಿಡಿದರೆ ಹಿಡಿತಕ್ಕೆ ಸಿಕ್ಕಲೆಂದು ಲೆಗ್ ಬದಿಯಲ್ಲಿ ಸಮೀಪವೇ ಆಳುಗಳನ್ನು ನಿಲ್ಲಿಸುವುದು. ಆ ಸಾಲಿಗೆ ಹೋಗಿ ನಿಲ್ಲುವಂತೆ ಜಾರ್ಡಿನ್ನರು ಪಟೌಡಿಯವರಿಗೆ ಆಜ್ಞೆ ಮಾಡಿದರು. ಪಟೌಡಿ ನಿರಾಕರಿಸಿದರು.

ಆಗ ಅವರಿಗೆ ಇಪ್ಪತ್ತೆರಡು ವರ್ಷ. ಆಳುವವರ ದೇಶದ ತಂಡದಲ್ಲಿ ಆಳಿಸಿಕೊಳ್ಳುವ ದೇಶದ ತರುಣ! ವಿಧೇಯನಾಗಿದ್ದರೆ ಸ್ಥಾನ ಭದ್ರ. ಮೆಲ್ಬೋರ್ನಿನ ಎರಡನೆಯ ಟೆಸ್ಟಿನಲ್ಲಿ ಅವರು ಗಳಿಸಿದ್ದು 15 ಮತ್ತು 5. ಅಲ್ಲಿಂದ ಮುಂದೆ ಆ ಪ್ರವಾಸದ ಟೆಸ್ಟುಗಳಲ್ಲಿ ಅವರಿಗೆ ಎಡೆ ದೊರೆಯಲಿಲ್ಲ. ಆಟ ನಿಧಾನವಾಯಿತೆಂಬುದೂ ಅದಕ್ಕೆ ಒಂದು ಕಾರಣವಿದ್ದೀತು. ನಿರಾಕರಣೆಯ ನೆರಳು ಅದರ ಮೇಲೆ ಬೀಳಲಿಲ್ಲವೆಂದು ಯಾರೂ ಹೇಳಲಾರರು. ಅವರಿಲ್ಲದ ಮೂರನೆಯ ಟೆಸ್ಟಿನಲ್ಲಿ, ಅಡಿಲೇಡಿನಲ್ಲಿ, ಆಸ್ಟ್ರೇಲಿಯದ ನಾಯಕ ವುಡ್‌ಫುಲ್ ಎದೆಗೆ ಪೆಟ್ಟು ತಿಂದರು. ಓಲ್ಡ್‌ಫೀಲ್ಡರ ತಲೆಬುರುಡೆ ಬಿರುಕುಬಿಟ್ಟಿತು. ನವಾಬರು ಯಾವುದನ್ನು ಒಲ್ಲೆನೆಂದರೋ ಅದರ ಸ್ವರೂಪ ಆಗ ಲೋಕಕ್ಕೆಲ್ಲ ಕಂಡಿತು.

1934ರಲ್ಲಿ ಇಂಗ್ಲೆಂಡು ಅವರಿಗೆ ಇನ್ನೊಂದು ಟೆಸ್ಟ್ ಕೊಟ್ಟಿತು, ಅದೇ ಕೊನೆ. 1936ರ ಭಾರತ ತಂಡಕ್ಕೆ ಅವರನ್ನು ನಾಯಕರನ್ನಾಗಿ ಆರಿಸಿದ್ದರೂ ಅನಾರೋಗ್ಯದ ನಿಮಿತ್ತ ಹಿಂದೆ ಸರಿದರು. ಅನಂತರ ಮಹಾಯುದ್ಧ ಬಂದಿತು. ಕಟ್ಟಕಡೆಗೆ 1946ರಲ್ಲಿ ಭಾರತದ ನಾಯಕರಾಗಿ ಇಂಗ್ಲೆಂಡಿಗೆ ಹೋದಾಗ ಅವರ ವಯಸ್ಸು ಮೂವತ್ತಾರು. ಆರೋಗ್ಯ ಮೊದಲಿನಂತಿರಲಿಲ್ಲ. ಮೂರು ಟೆಸ್ಟುಗಳ ಐದು ಇನ್ನಿಂಗ್ಸುಗಳಲ್ಲಿ ಒಟ್ಟು 55 ಓಟ. ಮೊದಲ ಟೆಸ್ಟಿನಲ್ಲಿ ಸೋಲು, ಉಳಿದೆರಡು ಡ್ರಾ. ಇಂಗ್ಲೆಂಡಿಗೆ 144, ತಾಯ್ನಾಡಿಗೆ 55: ಈ ಲೆಕ್ಕವನ್ನು ನೋಡಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತೆ. ಹಣ್ಣನ್ನು ನೆರೆಮನೆಗೆ ಕೊಟ್ಟು ಸಿಪ್ಪೆಯನ್ನು ಮನೆಗೆ ತಂದರೆಂದು ಯಾರಾದರೂ ಹೇಳಿದರೆ ತಳ್ಳಿಹಾಕುವುದು ಸುಲಭವಲ್ಲ.

ಆದರೂ ಅವರು ಬಂದರು. ಆ ತಂಡವಾದರೂ ಎಂಥದು! ಮರ್ಚೆಂಟ್, ಹಜಾರೆ, ಮಂಕಡ್, ಅಮರನಾಥ್ ಅವರೊಡನೆ ಅಬ್ದುಲ್ ಹಫೀಜ್ ಮತ್ತು ಗುಲ್ ಮಹಮ್ಮದ್ ಕೂಡ ಇದ್ದರು. ಮರುವರ್ಷವೇ ದೇಶ ಎರಡಾಯಿತು. ಹಫೀಜರು ಕಾರ್ದಾರ್ ಎಂಬ ಹೆಸರಿನಿಂದ 1952ರಲ್ಲಿ ಪಾಕಿಸ್ತಾನದ ಮೊದಲ ನಾಯಕರಾದರು. ಗುಲ್ ಮಹಮ್ಮದರು 1956ರಲ್ಲಿ ಆ ದೇಶಕ್ಕೆ ಆಡಿದರು. ಇನ್ನೊಂದು ದೇಶದಿಂದ ಬಂದವರೂ ಇನ್ನೊಂದು ದೇಶಕ್ಕೆ ಹೋಗಲಿದ್ದವರೂ ಒಂದೇ ಟೋಪಿಯಡಿ ಆಡಿದ ಬೇಸಗೆ ಅದು. ಅವರಲ್ಲಿ ಯಾರನ್ನು ದ್ರೋಹಿ ಎನ್ನೋಣ?

1952ರ ಜನವರಿ 5ರಂದು ದೆಹಲಿಯಲ್ಲಿ ಪೋಲೋ ಆಡುತ್ತಿದ್ದಾಗ ಹೃದಯಾಘಾತವಾಗಿ ನವಾಬರು ತೀರಿಕೊಂಡರು. ವಯಸ್ಸು ನಾಲ್ವತ್ತೊಂದು. ಅಂದು ಮಗ ಮನ್ಸೂರನ ಹನ್ನೊಂದನೆಯ ಹುಟ್ಟುಹಬ್ಬ. ಆ ಬಾಲಕನೂ ತಂದೆಯಂತೆಯೇ ಇಂಗ್ಲೆಂಡಿನಲ್ಲಿ ಓದಿ, ಆಕ್ಸ್‌ಫರ್ಡಿಗೆ ಆಡಿದ. ಆದರೆ ಟೆಸ್ಟ್ ಆಡಿದ್ದು ಭಾರತಕ್ಕೆ ಮಾತ್ರ. 1962ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿಗೇ ನಾಯಕನಾದ. ನಮ್ಮ ಬಿ. ಎಸ್. ಚಂದ್ರಶೇಖರ್ 1964ರಲ್ಲಿ, ಜಿ. ಆರ್. ವಿಶ್ವನಾಥ್ 1969ರಲ್ಲಿ ಮೊದಲ ಟೆಸ್ಟ್ ಆಡಿದ್ದು ಈ ಮಗನ ನಾಯಕತ್ವದಲ್ಲಿಯೇ. ತಂದೆಯಿಂದ ಬರಬೇಕಾಗಿದ್ದ ಬಾಕಿಯನ್ನು ಮಗ ಬಡ್ಡಿಯೊಡನೆ ತೀರಿಸಿದನೆಂದು ನನಗೆ ಅನ್ನಿಸುತ್ತದೆ.

ಇಂದು ದೇಶ ಬದಲಿಸುವ ಕ್ರೀಡಾಪಟುಗಳು ಬಹಳ. ಒಲಿಂಪಿಕ್ಸಿನಲ್ಲಿ ಇದಕ್ಕೆ ಮೂರು ವರ್ಷ ಕಾಯಬೇಕೆಂಬ ನಿಯಮವೇ ಉಂಟು. ಕೆಲವರನ್ನು ಹಣ ಸೆಳೆಯುತ್ತದೆ, ಕೆಲವರನ್ನು ಯುದ್ಧ ಅಟ್ಟುತ್ತದೆ, ಕೆಲವರಿಗೆ ಹುಟ್ಟೂರಿನ ತಂಡದಲ್ಲಿ ಜಾಗವೇ ಇರುವುದಿಲ್ಲ. ಯಾರ ಟೋಪಿ ಧರಿಸಿದ್ದಾನೆ ಎಂಬುದರಿಂದಲೇ ಮನುಷ್ಯನನ್ನು ಅಳೆಯಲಾಗದು. ಆ ಟೋಪಿ ತಲೆಯ ಮೇಲಿರುವಾಗ ಯಾವುದಕ್ಕೆ ಒಪ್ಪಿದ, ಯಾವುದಕ್ಕೆ ಒಪ್ಪಲಿಲ್ಲ ಎಂಬುದನ್ನೂ ನೋಡಬೇಕು. ಪಟೌಡಿಯವರು ತಮ್ಮ ದಾಂಡನ್ನು ಇಂಗ್ಲೆಂಡಿಗೆ ಕೊಟ್ಟರು; ಮನಸ್ಸಾಕ್ಷಿಯನ್ನು ಕೊಡಲಿಲ್ಲ.

ಇದನ್ನು ಬರೆದು ಮುಗಿಸಿದ ಭಾನುವಾರ ನಾನು ಆ ಗೆಳೆಯನ ಮನೆಗೆ ಹೋಗಿದ್ದೆ. ಅವನು ಬಾಗಿಲು ತೆರೆದು ಒಂದು ಕ್ಷಣ ಸುಮ್ಮನೆ ನಿಂತ. ಆಮೇಲೆ ಒಳಗೆ ಕರೆದ. ಅವನ ತಾಯಿ ಕಾಫಿ ಕೊಟ್ಟರು. ಆ ಪಂದ್ಯದಲ್ಲಿ ಅವನು ಹೊಡೆದ ಐವತ್ತು ಬಹಳ ಚೆನ್ನಾಗಿತ್ತೆಂದು, ಒಂದು ವರ್ಷ ತಡವಾಗಿ, ಹೇಳಿ ಬಂದೆ.