ಸಾಬೂನಿನ ಸಾಮ್ರಾಜ್ಯ ಕಟ್ಟಿದ ವಿಲಿಯಂ ಲೀವರ್

ಸನ್‌ಲೈಟ್, ಲೈಫ್‌ಬಾಯ್, ಲಕ್ಸ್ ಎಂಬ ಸಾಬೂನುಗಳ ಹೆಸರನ್ನು ಕೇಳದ ಮನೆ ನಮ್ಮ ನಾಡಿನಲ್ಲಿ ವಿರಳ. ಈ ಮೂರೂ ಹೆಸರುಗಳು ಹೊರಟದ್ದು ಇಂಗ್ಲೆಂಡಿನ ಒಬ್ಬ ಕಿರಾಣಿ ವ್ಯಾಪಾರಿಯ ಮಗನು ಕಟ್ಟಿದ ಕಂಪನಿಯಿಂದ ಎಂಬ ಸಂಗತಿ ಬಹು ಜನರಿಗೆ ತಿಳಿದಿರಲಾರದು. ಒಂದು ದೇಶದಲ್ಲಿ ಬೇರೂರಿ ಹಲವು ದೇಶಗಳಲ್ಲಿ ಕಾರ್ಖಾನೆ, ತೋಟ, ಮಾರಾಟದ ಜಾಲಗಳನ್ನು ಹೊಂದಿರುವ ಉದ್ಯಮಕ್ಕೆ ಬಹುರಾಷ್ಟ್ರೀಯ ಕಂಪನಿ ಎಂಬ ಹೆಸರನ್ನು ಅಮೆರಿಕದ ಡೇವಿಡ್ ಲಿಲಿಯೆಂಥಾಲ್ ಬಳಕೆಗೆ ತಂದದ್ದು 1960ರಲ್ಲಿ. ಆ ಹೆಸರು ಹುಟ್ಟುವುದಕ್ಕೆ ಅರ್ಧ ಶತಮಾನಕ್ಕೂ ಮುನ್ನವೇ ಅಂತಹ ಉದ್ಯಮವನ್ನು ಕಟ್ಟಿ ನಿಲ್ಲಿಸಿದವರಲ್ಲಿ ವಿಲಿಯಂ ಹೆಸ್ಕೆತ್ ಲೀವರ್ ಅಗ್ರಗಣ್ಯನು. ದುಡಿಮೆ, ದೂರದೃಷ್ಟಿ, ಔದಾರ್ಯಗಳು ಅವನಲ್ಲಿ ಒಟ್ಟಿಗೆ ನೆಲಸಿದ್ದವು. ಅವುಗಳ ಜೊತೆಗೆ, ಪರರ ಹಿತವನ್ನು ತಾನೇ ನಿರ್ಣಯಿಸಬೇಕೆಂಬ ಹಟವೂ ನೆಲಸಿತ್ತು. ಅವನ ಸಾಧನೆ, ಸೋಲುಗಳೆರಡರ ಬೀಜವೂ ಇಲ್ಲಿಯೇ ಇದೆ.

ಲೀವರ್ 1851ನೆಯ ಇಸವಿ ಸೆಪ್ಟೆಂಬರ್ 19ರಂದು ಲ್ಯಾಂಕಷೈರಿನ ಬೋಲ್ಟನ್ ಪಟ್ಟಣದಲ್ಲಿ ಜನಿಸಿದನು. ತಂದೆ ಜೇಮ್ಸ್ ಲೀವರ್ ದಿನಸಿ ವರ್ತಕನು. ತಾಯಿ ಎಲೈಜಾ ಹೆಸ್ಕೆತ್. ಆರು ಹೆಣ್ಣುಮಕ್ಕಳ ತರುವಾಯ ಹುಟ್ಟಿದ ಮೊದಲ ಗಂಡುಮಗುವಿಗೆ ಹದಿನಾರರ ಆಸುಪಾಸಿನಲ್ಲಿಯೇ ಶಾಲೆ ಮುಗಿದು ತಂದೆಯ ಅಂಗಡಿಯ ಕೆಲಸ ಆರಂಭವಾಯಿತು. ಆ ಕಾಲದಲ್ಲಿ ಸಾಬೂನು ಉದ್ದನೆಯ ಗಟ್ಟಿಗಳಾಗಿ ಅಂಗಡಿಗೆ ಬರುತ್ತಿತ್ತು. ಅದನ್ನು ತುಂಡರಿಸಿ, ತೂಗಿ, ಕಾಗದದಲ್ಲಿ ಸುತ್ತಿ ಕೊಡುವುದು ಹುಡುಗ ಲೀವರನ ಪಾಲಿಗೆ ಬಂದ ಕೆಲಸವಾಗಿತ್ತು. ಇಪ್ಪತ್ತೊಂದರ ಹರೆಯದಲ್ಲಿ ಅವನು ವ್ಯಾಪಾರದಲ್ಲಿ ಪಾಲುದಾರನಾದನು. 1874ರಲ್ಲಿ ಬಾಲ್ಯದಿಂದ ಬಲ್ಲ ಎಲಿಜಬೆತ್ ಎಲೆನ್ ಹ್ಯೂಮಳನ್ನು ವರಿಸಿದನು. ಮುಂದೆ ಸರದಾರ ಪದವಿ ಲಭಿಸಿದಾಗ, ಆ ವೇಳೆಗೆ ತೀರಿಹೋಗಿದ್ದ ಪತ್ನಿಯ ಮನೆತನದ ಹೆಸರನ್ನು ತನ್ನ ಹೆಸರಿನೊಡನೆ ಕೂಡಿಸಿ ಲಾರ್ಡ್ ಲೀವರ್‌ಹ್ಯೂಮ್ ಎನಿಸಿಕೊಂಡನು.

ಹೆಸರಿಲ್ಲದೆ ತೂಕದ ಮೇಲೆ ಮಾರಾಟವಾಗುತ್ತಿದ್ದ ಪದಾರ್ಥಕ್ಕೆ ಹೆಸರನ್ನು ಕೊಟ್ಟರೆ ಕೊಳ್ಳುವವರು ಆ ಹೆಸರನ್ನೇ ಕೇಳಿ ಬರುವರೆಂಬುದನ್ನು ಲೀವರ್ ಕಂಡುಕೊಂಡನು. 1884ರಲ್ಲಿ ಸನ್‌ಲೈಟ್ ಎಂಬ ಹೆಸರನ್ನು ನೋಂದಾಯಿಸಿದನು. ಮರುವರ್ಷ ತಮ್ಮ ಜೇಮ್ಸ್ ಡಾರ್ಸಿಯೊಡನೆ ವಾರಿಂಗ್ಟನ್ನಿನಲ್ಲಿ ಒಂದು ಕಾರ್ಖಾನೆಯನ್ನು ಬಾಡಿಗೆಗೆ ಪಡೆದು ತಯಾರಿಕೆಗೆ ಇಳಿದನು. ಪ್ರಾಣಿಗಳ ಕೊಬ್ಬನ್ನು ಕಡಿಮೆ ಮಾಡಿ, ಕೊಬ್ಬರಿ ಅಥವಾ ತಾಳೆಬೀಜದ ಎಣ್ಣೆ, ಹತ್ತಿಕಾಳಿನ ಎಣ್ಣೆ ಹಾಗೂ ರಾಳಗಳನ್ನು ಬೆರೆಸಿದ ಈ ಸಾಬೂನು ಚೆನ್ನಾಗಿ ನೊರೆ ಬಿಡುತ್ತಿತ್ತು. 1888ರ ಹೊತ್ತಿಗೆ ವಾರಕ್ಕೆ 450 ಟನ್ ತಯಾರಾಗುವಷ್ಟು ಬೇಡಿಕೆ ಬೆಳೆಯಿತು. ಅದೇ ವರ್ಷ ಸನ್‌ಲೈಟ್ ಸಾಬೂನಿನ ಪೆಟ್ಟಿಗೆಗಳು ಕಲ್ಕತ್ತೆಯ ಬಂದರಿನಲ್ಲಿಯೂ ಇಳಿದವು.

ವಾರಿಂಗ್ಟನ್ನಿನಲ್ಲಿ ಸ್ಥಳ ಸಾಲದಾಗಲು ಲೀವರ್ ಮರ್ಸಿ ನದಿಯ ದಂಡೆಯಲ್ಲಿ, ಲಿವರ್‌ಪೂಲ್ ನಗರದ ಆಚೆ ಬದಿಗೆ, 56 ಎಕರೆ ಜವುಳು ನೆಲವನ್ನು ಕೊಂಡನು. 24 ಎಕರೆ ಕಾರ್ಖಾನೆಗೆ, 32 ಎಕರೆ ಕೆಲಸಗಾರರ ಊರಿಗೆ. ಪೋರ್ಟ್ ಸನ್‌ಲೈಟ್ ಎಂಬ ಈ ಊರಿನಲ್ಲಿ 1914ರ ವೇಳೆಗೆ ಸುಮಾರು 800 ಮನೆಗಳಾದವು. ಶಾಲೆ, ಆಸ್ಪತ್ರೆ, ಪ್ರಾರ್ಥನಾಮಂದಿರ, ಈಜುಕೊಳ, ತೋಟಗಳು ಅಲ್ಲಿದ್ದವು. ಕೈಗಾರಿಕಾ ನಗರಗಳ ಹೊಗೆ, ಕೊಳಕುಗಳ ನಡುವೆ ಬದುಕುತ್ತಿದ್ದ ಅಂದಿನ ಕಾರ್ಮಿಕರಿಗೆ ಇದು ಕನಸಿನ ಊರೇ ಸರಿ. ಆದರೆ ಲಾಭದಲ್ಲಿ ಕೆಲಸಗಾರರಿಗೆ ಸಲ್ಲಬೇಕಾದ ಪಾಲನ್ನು ಅವರ ಕೈಗೆ ಹಣವಾಗಿ ಕೊಡಲು ಲೀವರ್ ಒಪ್ಪಲಿಲ್ಲ. ಕೈಗೆ ಕೊಟ್ಟರೆ ತಿಂಡಿ ತೀರ್ಥಗಳಲ್ಲಿ ಕರಗಿಹೋಗುವ ಹಣವು ತನ್ನ ಬಳಿಯಿದ್ದರೆ ಮನೆಯಾಗಿ, ಉದ್ಯಾನವಾಗಿ ಅವರಿಗೆ ಮರಳುವುದೆಂಬುದು ಅವನ ವಾದ. 1909ರಲ್ಲಿ ಸಹಪಾಲುದಾರಿಕೆಯ ಯೋಜನೆಯೊಂದು ಜಾರಿಗೆ ಬಂದರೂ ಆಡಳಿತದ ಅಧಿಕಾರ ಅವನಲ್ಲಿಯೇ ಉಳಿಯಿತು. ಕೆಲಸ ಹೋದವನಿಗೆ ಮನೆಯೂ ಹೋಗುತ್ತಿತ್ತು. ಸ್ವತಂತ್ರ ಮನೋಭಾವದವನು ಆ ಊರಿನ ಗಾಳಿಯಲ್ಲಿ ಬಹುಕಾಲ ಉಸಿರಾಡಲಾರನೆಂದು ಬೋಲ್ಟನ್ನಿನ ಕಾರ್ಮಿಕ ಸಂಘವೊಂದರ ಕಾರ್ಯದರ್ಶಿ 1919ರಲ್ಲಿ ಅವನಿಗೆ ನೇರವಾಗಿ ಬರೆದು ತಿಳಿಸಿದನು.

ಉದ್ಯಮವು ದೇಶದ ಎಲ್ಲೆಯನ್ನು ದಾಟಿದ ಬಗೆ ಗಮನಾರ್ಹವಾದುದು. ಪರದೇಶಗಳು ಆಮದಿನ ಮೇಲೆ ಸುಂಕವನ್ನು ಏರಿಸಿದಾಗ ಹಡಗಿನಲ್ಲಿ ಸಾಬೂನು ಕಳಿಸುವುದು ದುಬಾರಿಯಾಯಿತು. ಸುಂಕದ ಹೊರೆಯು ಅಲ್ಲಿಯೇ ಬೇರೊಂದು ಕಾರ್ಖಾನೆ ನಡೆಸುವ ವೆಚ್ಚವನ್ನು ಮೀರಿದರೆ ಅಲ್ಲಿಯೇ ತಯಾರಿಸುವುದು ಲೇಸೆಂದು ಲೀವರ್ ಲೆಕ್ಕ ಹಾಕಿದನು. 1900ರ ಸುಮಾರಿಗೆ ಸ್ವಿಟ್ಜರ್ಲೆಂಡ್, ಜರ್ಮನಿ, ಅಮೆರಿಕ, ಕೆನಡ, ಆಸ್ಟ್ರೇಲಿಯಗಳಲ್ಲಿ ಅವನ ಕಾರ್ಖಾನೆಗಳು ತಲೆಯೆತ್ತಿದ್ದವು. ಬಳಿಕ ಕಚ್ಚಾ ಎಣ್ಣೆಯ ಚಿಂತೆ ಅವನನ್ನು ಆವರಿಸಿತು. ದಲ್ಲಾಳಿಗಳ ಕೈಯಲ್ಲಿ ಬೆಲೆ ಏರುವುದನ್ನು ಸಹಿಸದೆ, ತೆಂಗಿನ ತೋಟಗಳಿಗಾಗಿ ಶಾಂತಸಾಗರದ ಸಾಲೊಮನ್ ದ್ವೀಪಗಳಿಗೂ, ತಾಳೆಗಾಗಿ ಆಫ್ರಿಕಕ್ಕೂ ಕೈಚಾಚಿದನು.

ವಿದ್ವಾಂಸರು ಈ ನಡೆಗೆ ಸಿದ್ಧಾಂತದ ರೂಪವನ್ನು ಕೊಟ್ಟದ್ದು ಬಹಳ ತಡವಾಗಿ. ಕಂಪನಿಗಳು ಹೊರದೇಶಕ್ಕೆ ಹೋಗುವುದು ಹೆಚ್ಚಿನ ಬಡ್ಡಿಯ ಆಸೆಯಿಂದಲ್ಲ, ಸ್ಥಳೀಯ ಪ್ರತಿಸ್ಪರ್ಧಿಗಳಿಗಿಲ್ಲದ ವಿಶೇಷ ಬಲವೊಂದು ತಮ್ಮಲ್ಲಿರುವುದರಿಂದ ಎಂದು ಕೆನಡದ ಸ್ಟೀಫನ್ ಹೈಮರ್ 1960ರ ತನ್ನ ಪ್ರಬಂಧದಲ್ಲಿ ಪ್ರತಿಪಾದಿಸಿದನು. ಇಂಗ್ಲೆಂಡಿನ ಜಾನ್ ಡನ್ನಿಂಗ್ 1976ರಲ್ಲಿ ಮೂರು ಅಂಶಗಳನ್ನು ಒಂದುಗೂಡಿಸಿದನು: ಕಂಪನಿಯ ಸ್ವಂತ ಬಲ, ಸ್ಥಳದ ಅನುಕೂಲ, ಹೊರಗಿನವರಿಂದ ಕೊಳ್ಳುವ ಬದಲು ತನ್ನೊಳಗೇ ನಡೆಸಿಕೊಳ್ಳುವುದರಿಂದ ಆಗುವ ಲಾಭ. ಸನ್‌ಲೈಟ್ ಎಂಬ ಹೆಸರು ಮೊದಲನೆಯದಕ್ಕೆ, ಸುಂಕದ ಗೋಡೆಯ ಒಳಗಿನ ಕಾರ್ಖಾನೆ ಎರಡನೆಯದಕ್ಕೆ, ಸ್ವಂತ ತೋಟಗಳು ಮೂರನೆಯದಕ್ಕೆ ನಿದರ್ಶನ. ಆದರೆ ತೋಟದಲ್ಲಿ ದುಡಿಯುವವನ ಇಚ್ಛೆ ಏನೆಂಬ ಪ್ರಶ್ನೆಗೆ ಈ ಮೂರರಲ್ಲಿಯೂ ಉತ್ತರವಿಲ್ಲ.

ಬ್ರಿಟಿಷ್ ಪಶ್ಚಿಮ ಆಫ್ರಿಕದಲ್ಲಿ ದೊಡ್ಡ ತೋಟಗಳಿಗೆ ಭೂಮಿ ಬೇಕೆಂದು ಲೀವರ್ ಪದೇ ಪದೇ ಕೇಳಿದನು. ನೆಲವು ಸ್ಥಳೀಯ ರೈತರ ಕೈಯಲ್ಲಿಯೇ ಇರತಕ್ಕದ್ದೆಂಬ ನಿಲುವಿನಿಂದ ಅಲ್ಲಿನ ಆಡಳಿತ ಒಪ್ಪಲಿಲ್ಲ. ನೈಜೀರಿಯದ ಗವರ್ನರ್ ಹ್ಯೂ ಕ್ಲಿಫರ್ಡ್ ಈ ನೀತಿಯ ದೃಢ ಸಮರ್ಥಕನಾಗಿದ್ದನು. ಬೆಲ್ಜಿಯಂ ಸರ್ಕಾರ ಒಪ್ಪಿತು. 1911ರ ಒಪ್ಪಂದದಂತೆ ಕಾಂಗೋ ನಾಡಿನಲ್ಲಿ ತಲಾ 60 ಕಿಲೋಮೀಟರ್ ತ್ರಿಜ್ಯದ ಐದು ವೃತ್ತಗಳ ಒಳಗೆ 7,50,000 ಹೆಕ್ಟೇರಿನವರೆಗೆ ತಾಳೆ ಕಾಡನ್ನು ಆರಿಸಿಕೊಳ್ಳುವ ಹಕ್ಕು ಅವನ ಕಂಪನಿಗೆ ದೊರೆಯಿತು. ಶಾಲೆ, ಆಸ್ಪತ್ರೆಗಳನ್ನು ಕಟ್ಟುವ, ಕನಿಷ್ಠ ಕೂಲಿಯನ್ನು ಕೊಡುವ ಹೊಣೆಯೂ ಒಪ್ಪಂದದಲ್ಲಿತ್ತು. ಲೂಸಂಗ ಎಂಬ ಸ್ಥಳ ಲೀವರ್‌ವಿಲ್ ಆಯಿತು. ಪೋರ್ಟ್ ಸನ್‌ಲೈಟಿನ ಮಾದರಿಯನ್ನೇ ಅಲ್ಲಿಯೂ ನೆಡುವೆನೆಂದು ಅವನು ನಂಬಿದ್ದನು. ಆದರೆ ಎತ್ತರದ ತಾಳೆಮರವನ್ನು ಏರಿ ಗೊನೆ ಕಡಿಯಲು ಜನರು ತಾವಾಗಿ ಬೇಕಾದಷ್ಟು ಸಂಖ್ಯೆಯಲ್ಲಿ ಬರಲಿಲ್ಲ. ವಸಾಹತು ಅಧಿಕಾರಿಗಳ, ಊರ ಮುಖಂಡರ ಒತ್ತಡದಿಂದ ಆಳುಗಳನ್ನು ಹಿಡಿದು ತರುವ ಪದ್ಧತಿ ಬೆಳೆಯಿತು. ತೆರಿಗೆಯ ಭಾರವೂ ಅವರನ್ನು ತೋಪಿನತ್ತ ನೂಕಿತು. ಲೀವರ್ ಮೃತನಾಗಿ ಆರು ವರ್ಷಗಳ ಬಳಿಕ, 1931ರಲ್ಲಿ, ಕ್ವಿಲು ಸೀಮೆಯ ಪೆಂಡೆ ಜನರು ದಂಗೆಯೆದ್ದರು. ಸರ್ಕಾರದ ಸೇನೆಯ ಗುಂಡಿಗೆ ನೂರಾರು ಮಂದಿ ಬಲಿಯಾದರು. ಮನೆಮನೆಯ ಬಟ್ಟೆಯನ್ನು ಬೆಳ್ಳಗೆ ಮಾಡಿದ ಸಾಬೂನಿನ ಚರಿತ್ರೆಯಲ್ಲಿ ಇದು ತೊಳೆದರೂ ಹೋಗದ ಕಲೆ.

ಸ್ವದೇಶದ ದ್ವೀಪವೊಂದೂ ಅವನಿಗೆ ಪಾಠ ಕಲಿಸಿತು. 1918ರಲ್ಲಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪವನ್ನು ಕೊಂಡು, ಅದನ್ನು ಮೀನುಗಾರಿಕೆಯ ದೊಡ್ಡ ಕೇಂದ್ರವಾಗಿ ಮಾಡಲು ಹೊರಟನು. ಯುದ್ಧದಿಂದ ಮರಳಿದ ಯೋಧರಿಗೆ ಬೇಕಾದದ್ದು ಸರ್ಕಾರ ಮಾತುಕೊಟ್ಟಿದ್ದ ತುಂಡು ಹೊಲ. ದಿನಗೂಲಿಯ ಭರವಸೆಗಿಂತ ಸ್ವಂತ ನೆಲ ಹಿರಿದೆಂದು ಅವರು ಜಮೀನುಗಳಿಗೆ ನುಗ್ಗಿ ಬೇಸಾಯಕ್ಕೆ ನಿಂತರು. 1923ರಲ್ಲಿ ಲೀವರ್ ಯೋಜನೆಯನ್ನು ಕೈಬಿಟ್ಟು ದ್ವೀಪವನ್ನು ಅಲ್ಲಿಯ ಜನರಿಗೇ ಕೊಡಮಾಡಲು ಮುಂದಾದನು. ಸ್ಟಾರ್ನೊವೇ ಪ್ರದೇಶವು ಒಂದು ಜನಪ್ರಾತಿನಿಧಿಕ ನ್ಯಾಸದ ವಶಕ್ಕೆ ಬಂದಿತು. ತನ್ನ ಇಚ್ಛೆ ಸೋತ ನೆಲದಲ್ಲಿ ಅವನು ಇತ್ತ ಈ ದಾನದಲ್ಲಿ ಪಡೆದವರೇ ಯಜಮಾನರಾದರು.

ವಿದ್ಯೆಗಾಗಿ ಅವನು ಮಾಡಿದ ವ್ಯಯವು ಸ್ಮರಣೀಯವಾದುದು. 1906ರಲ್ಲಿ ಸಾಬೂನು ತಯಾರಕರ ಕೂಟವನ್ನು ಕಟ್ಟಲು ಹೊರಟಾಗ ಪತ್ರಿಕೆಗಳು ಅವನ ಮೇಲೆ ಹರಿಹಾಯ್ದವು. ಅವನು ಮಾನನಷ್ಟದ ದಾವೆ ಹೂಡಿ, ಡೈಲಿ ಮೇಲ್ ಪತ್ರಿಕೆಯೊಂದರಿಂದಲೇ 50,000 ಪೌಂಡುಗಳನ್ನು ಪಡೆದನು. ಹೀಗೆ ಬಂದ ಹಣ ಲಿವರ್‌ಪೂಲ್ ವಿಶ್ವವಿದ್ಯಾಲಯಕ್ಕೆ ಸಂದಿತು. ಅದರ ಬಲದಿಂದ 1909ರಲ್ಲಿ ಅಲ್ಲಿ ನಗರ ನಿರ್ಮಾಣ ಶಾಸ್ತ್ರದ ವಿಭಾಗ ಸ್ಥಾಪನೆಯಾಯಿತು. 1913ರಲ್ಲಿ ಹುಟ್ಟೂರಿನ ಬೋಲ್ಟನ್ ಶಾಲೆಗೆ ದೊಡ್ಡ ದತ್ತಿಯನ್ನಿತ್ತು, ಬಾಲಕರ ವಿಭಾಗಕ್ಕೂ ಬಾಲಕಿಯರ ವಿಭಾಗಕ್ಕೂ ಸಮಾನ ಸ್ಥಾನವಿರಬೇಕೆಂದು ವಿಧಿಸಿದನು. ಹೆಣ್ಣುಮಕ್ಕಳ ವಿದ್ಯೆಗೆ ಎರಡನೆಯ ಪಂಕ್ತಿಯೇ ಸಾಕೆಂದು ಬಹುಮಂದಿ ಬಗೆದಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಪತ್ನಿಯ ನೆನಪಿಗೆ ಕಟ್ಟಿಸಿದ ಕಲಾಭವನ 1922ರಲ್ಲಿ ತೆರೆಯಿತು. ಮರಣಪತ್ರದ ಮೂಲಕ ಏರ್ಪಟ್ಟ ಲೀವರ್‌ಹ್ಯೂಮ್ ನ್ಯಾಸವು ಇಂದಿಗೂ ಸಂಶೋಧಕರಿಗೆ ನೆರವಾಗುತ್ತಿದೆ.

ಕೊನೆಯ ವರ್ಷಗಳು ಕಷ್ಟದವಾಗಿದ್ದವು. 1920ರಲ್ಲಿ 80 ಲಕ್ಷ ಪೌಂಡುಗಳಿಗೂ ಮಿಗಿಲಾದ ಬೆಲೆ ತೆತ್ತು ನೈಜರ್ ಕಂಪನಿಯನ್ನು ಕೊಂಡ ಕೆಲವೇ ತಿಂಗಳಲ್ಲಿ ಸರಕುಗಳ ಧಾರಣೆ ಕುಸಿಯಿತು. ಒಬ್ಬನ ಮಾತಿನಂತೆಯೇ ನಡೆದ ಸಂಸ್ಥೆಯನ್ನು ಸಾಲದ ಸುಳಿಯಿಂದ ಪಾರುಮಾಡಲು ಲೆಕ್ಕಪರಿಶೋಧಕನಾದ ಡಾರ್ಸಿ ಕೂಪರನ ನೆರವು ಬೇಕಾಯಿತು. ಆಫ್ರಿಕದ ಎರಡನೆಯ ಪ್ರವಾಸದಿಂದ ಹಿಂತಿರುಗಿದ ಲೀವರ್ 1925ರ ಮೇ 7ರಂದು ನ್ಯುಮೋನಿಯಾದಿಂದ ನಿಧನ ಹೊಂದಿದನು. 1930ರಲ್ಲಿ ಅವನ ಕಂಪನಿ ಹಾಲೆಂಡಿನ ಮಾರ್ಗರೀನ್ ಸಂಸ್ಥೆಯೊಡನೆ ಕೂಡಿ ಯೂನಿಲಿವರ್ ಆಯಿತು. ಭಾರತದಲ್ಲಿ 1933ರಲ್ಲಿ ಲೀವರ್ ಬ್ರದರ್ಸ್ ಇಂಡಿಯಾ ಸ್ಥಾಪನೆಗೊಂಡಿತು. 1956ರಲ್ಲಿ ಸೋದರ ಸಂಸ್ಥೆಗಳು ಸೇರಿ ಹಿಂದೂಸ್ತಾನ್ ಲೀವರ್ ಆಗಿ, ನೂರಕ್ಕೆ ಹತ್ತರಷ್ಟು ಷೇರುಗಳು ಭಾರತೀಯರ ಕೈಗೆ ಬಂದವು.

ಕಿರಾಣಿ ಅಂಗಡಿಯ ಕಟ್ಟೆಯಿಂದ ಖಂಡಾಂತರಗಳಿಗೆ ಹಬ್ಬಿದ ಈ ಬಾಳನ್ನು ಕೇವಲ ಹೊಗಳಿಯೂ ಕೇವಲ ತೆಗಳಿಯೂ ಮುಗಿಸಲಾಗದು. ಅವನು ಕಟ್ಟಿದ ಮನೆಗಳು ಗಟ್ಟಿಯಾಗಿ ನಿಂತಿವೆ. ಅವನ ದತ್ತಿಯಿಂದ ಬೆಳೆದ ಶಾಲೆಯಲ್ಲಿ ಮಕ್ಕಳು ಓದುತ್ತಿದ್ದಾರೆ. ಕ್ವಿಲು ಸೀಮೆಯ ತಾಳೆತೋಪುಗಳ ನೆನಪೂ ಹಾಗೆಯೇ ಉಳಿದಿದೆ. ಪಡೆಯುವವನ ಮಾತಿಗೆ ಸ್ಥಾನವಿದ್ದ ಕಡೆ ಲೀವರನ ಔದಾರ್ಯ ಫಲಿಸಿತು, ಅದಕ್ಕೆ ಸ್ಥಾನವಿಲ್ಲದ ಕಡೆ ಅದು ದಬ್ಬಾಳಿಕೆಗೆ ನೆರಳಾಯಿತು. ಉದ್ಯಮ ನಡೆಸುವವರೂ, ಸಂಸ್ಥೆಗಳನ್ನು ಪೋಷಿಸುವವರೂ ಅವನ ಚರಿತ್ರೆಯಿಂದ ಅರಿಯಬೇಕಾದ ಮುಖ್ಯ ಸಂಗತಿ ಇದೇ ಆಗಿದೆ.