ಪಲ್ವಂಕರ್ ಬಾಲೂ

ಪಲ್ವಂಕರ್ ಬಾಲೂ ಭಾರತದ ಮೊದಲ ತಲೆಮಾರಿನ ಖ್ಯಾತ ಕ್ರಿಕೆಟ್ ಆಟಗಾರರು. ಧಾರವಾಡದಲ್ಲಿ ಜನಿಸಿದ ಇವರು ಎಡಗೈ ಸ್ಪಿನ್ ಬೌಲರ್ ಆಗಿ ಹೆಸರು ಮಾಡಿದರು. 1911ರಲ್ಲಿ ಇಂಗ್ಲೆಂಡ್ ಪ್ರವಾಸ ಕೈಗೊಂಡ ಅಖಿಲ ಭಾರತ ತಂಡದ ಪ್ರಮುಖ ಬೌಲರ್ ಇವರೇ. ಅಸ್ಪೃಶ್ಯವೆಂದು ಪರಿಗಣಿಸಲಾಗಿದ್ದ ಸಮುದಾಯದಿಂದ ಬಂದು ಕ್ರೀಡೆಯಲ್ಲಿ ದೇಶದಾದ್ಯಂತ ಕೀರ್ತಿ ಗಳಿಸಿದವರಲ್ಲಿ ಇವರು ಮೊದಲಿಗರು.

ಜನನ ಮತ್ತು ಆರಂಭಿಕ ಜೀವನ

ಬಾಲೂ 1870ರ ದಶಕದ ಮಧ್ಯಭಾಗದಲ್ಲಿ ಚರ್ಮಕಾರ ಕುಟುಂಬವೊಂದರಲ್ಲಿ ಜನಿಸಿದರು. ಕೊಂಕಣದ ಪಲ್ವಣ ಗ್ರಾಮದಿಂದ ಈ ಮನೆತನಕ್ಕೆ ಪಲ್ವಂಕರ್ ಎಂಬ ಹೆಸರು ಬಂದಿದೆ. ತಂದೆ ಬ್ರಿಟಿಷ್ ಸೇನೆಯಲ್ಲಿದ್ದರು. ಸಹೋದರರಾದ ಶಿವರಾಮ್, ವಿಠ್ಠಲ್ ಮತ್ತು ಗಣಪತ್ ಕೂಡ ಉತ್ತಮ ಕ್ರಿಕೆಟ್ ಆಟಗಾರರಾದರು.

ಕುಟುಂಬವು ಪುಣೆಯಲ್ಲಿದ್ದಾಗ ಬಾಲೂ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬೊಂದರಲ್ಲಿ ಪಿಚ್ ಗುಡಿಸುವ ಕೆಲಸಕ್ಕೆ ಸೇರಿದರು. ಸಂಬಳ ತಿಂಗಳಿಗೆ 3 ರೂಪಾಯಿ. ಅನಂತರ ಯುರೋಪಿಯನ್ನರ ಪೂನಾ ಕ್ಲಬ್‌ನಲ್ಲಿ ತಿಂಗಳಿಗೆ 4 ರೂಪಾಯಿಯ ಕೆಲಸ ದೊರೆಯಿತು. ರೋಲರ್ ಎಳೆಯುವುದು, ನೆಟ್ ಕಟ್ಟುವುದು ಮತ್ತು ಅಭ್ಯಾಸದ ವೇಳೆ ಸದಸ್ಯರಿಗೆ ಚೆಂಡು ಎಸೆಯುವುದು ಅವರ ಕರ್ತವ್ಯಗಳಾಗಿದ್ದವು. ಇಲ್ಲಿ ಖ್ಯಾತ ಬ್ಯಾಟ್ಸ್‌ಮನ್ ಜೆ. ಜಿ. ಗ್ರೆಗ್ ಅವರಿಗೆ ಗಂಟೆಗಟ್ಟಲೆ ಬೌಲ್ ಮಾಡುತ್ತಲೇ ಬಾಲೂ ತಮ್ಮ ಕೌಶಲವನ್ನು ಪಳಗಿಸಿಕೊಂಡರು. ಗ್ರೆಗ್ ತಮ್ಮನ್ನು ಔಟ್ ಮಾಡಿದಾಗಲೆಲ್ಲ ಬಾಲೂಗೆ ಎಂಟಾಣೆ ಕೊಡುತ್ತಿದ್ದರೆಂಬ ಪ್ರತೀತಿಯಿದೆ. ಆದರೆ ಬ್ಯಾಟ್ ಹಿಡಿಯುವ ಅವಕಾಶ ಮಾತ್ರ ಅವರಿಗೆ ಅಲ್ಲಿ ದೊರೆಯಲಿಲ್ಲ.

ಕ್ರೀಡಾ ಜೀವನ

ಯುರೋಪಿಯನ್ನರನ್ನು ಸೋಲಿಸಬೇಕೆಂದಿದ್ದ ಪುಣೆಯ ಹಿಂದೂ ಕ್ಲಬ್‌ಗೆ ಬಾಲೂ ಅವರ ಬೌಲಿಂಗ್ ಅಗತ್ಯವಾಗಿತ್ತು. ಅವರನ್ನು ಸೇರಿಸಿಕೊಳ್ಳುವ ಬಗ್ಗೆ ಸದಸ್ಯರಲ್ಲಿ ಭಿನ್ನಾಭಿಪ್ರಾಯ ಮೂಡಿದರೂ ಕೊನೆಗೆ ಸ್ಥಾನ ದೊರೆಯಿತು. ಮೈದಾನದಲ್ಲಿ ಎಲ್ಲರೂ ಒಂದೇ ಚೆಂಡನ್ನು ಮುಟ್ಟುತ್ತಿದ್ದರು. ಆದರೆ ವಿರಾಮದ ವೇಳೆ ಬಾಲೂ ಅವರಿಗೆ ಪೆವಿಲಿಯನ್ ಹೊರಗೆ ಬೇರೆ ಮಣ್ಣಿನ ಪಾತ್ರೆಯಲ್ಲಿ ಚಹಾ ಕೊಡಲಾಗುತ್ತಿತ್ತು. ಊಟದ ತಟ್ಟೆ ಮತ್ತು ಸ್ಥಳವೂ ಪ್ರತ್ಯೇಕವಾಗಿದ್ದವು.

1896ರ ಸುಮಾರಿಗೆ ಅವರು ಮುಂಬಯಿಗೆ ತೆರಳಿ ಹಿಂದೂ ಜಿಮ್ಖಾನಾ ಪರವಾಗಿ ಆಡತೊಡಗಿದರು. 1906ರಲ್ಲಿ ಹಿಂದೂ ತಂಡವು ಯುರೋಪಿಯನ್ನರನ್ನು 109 ರನ್‌ಗಳಿಂದ ಸೋಲಿಸಿದಾಗ ಅವರು ಒಟ್ಟು 8 ವಿಕೆಟ್ ಪಡೆದರು. ಆಳುವವರ ವಿರುದ್ಧದ ಈ ಜಯ ದೇಶದಲ್ಲಿ ಸಂಚಲನ ಮೂಡಿಸಿತು.

ಇಂಗ್ಲೆಂಡ್ ಪ್ರವಾಸ

1911ರಲ್ಲಿ ಪಟಿಯಾಲಾದ ಮಹಾರಾಜ ಭೂಪಿಂದರ್ ಸಿಂಗ್ ಅವರ ನಾಯಕತ್ವದಲ್ಲಿ ಅಖಿಲ ಭಾರತ ತಂಡವು ಇಂಗ್ಲೆಂಡಿಗೆ ತೆರಳಿತು. ತಂಡ ಆಡಿದ 23 ಪಂದ್ಯಗಳಲ್ಲಿ 15ರಲ್ಲಿ ಸೋಲು ಕಂಡರೂ ಬಾಲೂ ಎಲ್ಲ ಪಂದ್ಯಗಳಿಂದ 114 ವಿಕೆಟ್ ಗಳಿಸಿದರು. ಅವರ ಸರಾಸರಿ 18.84 ಆಗಿತ್ತು. ತರುಣರಾಗಿದ್ದ ಬಿ. ಆರ್. ಅಂಬೇಡ್ಕರ್ ಅವರಿಗೂ ಬಾಲೂ ಅಭಿಮಾನದ ವ್ಯಕ್ತಿಯಾಗಿದ್ದರು.

ನಾಯಕತ್ವದ ಪ್ರಶ್ನೆ

ತಂಡದ ಅತ್ಯಂತ ಅನುಭವಿ ಆಟಗಾರರಾಗಿದ್ದರೂ ಬಾಲೂ ಅವರನ್ನು ಹಿಂದೂ ತಂಡದ ನಾಯಕರನ್ನಾಗಿ ಎಂದೂ ಆಯ್ಕೆ ಮಾಡಲಿಲ್ಲ. 1920ರಲ್ಲಿ ನಾಯಕ ಎಂ. ಡಿ. ಪೈ ಅಲಭ್ಯರಾದಾಗ ಆ ಸ್ಥಾನವನ್ನು ಡಿ. ಬಿ. ದೇವಧರ್ ಅವರಿಗೆ ನೀಡಲಾಯಿತು. ಇದನ್ನು ಪ್ರತಿಭಟಿಸಿ ಶಿವರಾಮ್ ಮತ್ತು ವಿಠ್ಠಲ್ ತಂಡದಿಂದ ಹೊರಗುಳಿದರು. ಸಾರ್ವಜನಿಕ ಒತ್ತಡದ ಬಳಿಕ ಬಾಲೂ ಉಪನಾಯಕರಾದರು. ಪಂದ್ಯದ ನಡುವೆ ಪೈ ಮೈದಾನ ತೊರೆದ ಅವಧಿಯಲ್ಲಿ ತಂಡವನ್ನೂ ಮುನ್ನಡೆಸಿದರು. 1923ರಲ್ಲಿ ವಿಠ್ಠಲ್ ನಾಯಕರಾದರು. ಅಣ್ಣನಿಗೆ ನಿರಾಕರಿಸಿದ್ದ ಗೌರವ ತಮ್ಮನಿಗೆ ಸಂದಿತು. ಆ ವರ್ಷದ ಚತುಷ್ಕೋನ ಪಂದ್ಯಾವಳಿಯನ್ನು ಹಿಂದೂ ತಂಡವೇ ಗೆದ್ದುಕೊಂಡಿತು.

33 ಪ್ರಥಮ ದರ್ಜೆ ಪಂದ್ಯಗಳಿಂದ ಬಾಲೂ 15.21ರ ಸರಾಸರಿಯಲ್ಲಿ 179 ವಿಕೆಟ್ ಪಡೆದಿದ್ದಾರೆ.

ರಾಜಕೀಯ

ನಿವೃತ್ತಿಯ ನಂತರ ಬಾಲೂ ಸಾರ್ವಜನಿಕ ಜೀವನ ಪ್ರವೇಶಿಸಿದರು. ದಲಿತರಿಗೆ ಪ್ರತ್ಯೇಕ ಚುನಾಯಕ ವರ್ಗ ನೀಡುವ ವಿಷಯದಲ್ಲಿ ಅವರು ಅಂಬೇಡ್ಕರ್ ಅವರ ನಿಲುವನ್ನು ಒಪ್ಪದೆ ಗಾಂಧೀಜಿಯವರ ಪಕ್ಷ ವಹಿಸಿದರು. 1932ರ ಪೂನಾ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. 1937ರ ಮುಂಬಯಿ ಶಾಸನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಅಂಬೇಡ್ಕರ್ ಅವರ ವಿರುದ್ಧವೇ ಸ್ಪರ್ಧಿಸಿ ಪರಾಭವಗೊಂಡರು. ಅಂಬೇಡ್ಕರ್ ಅವರಿಗೆ 13,245 ಹಾಗೂ ಬಾಲೂ ಅವರಿಗೆ 11,225 ಮತಗಳು ಬಂದವು.

ನಿಧನ ಮತ್ತು ಸ್ಮರಣೆ

ಬಾಲೂ 1955ರ ಜುಲೈ 4ರಂದು ಮುಂಬಯಿಯಲ್ಲಿ ನಿಧನರಾದರು. ಭಾರತವು ಟೆಸ್ಟ್ ಕ್ರಿಕೆಟ್ ಪ್ರವೇಶಿಸಿದ್ದು 1932ರಲ್ಲಾದ್ದರಿಂದ ಅವರ ಹೆಸರು ಟೆಸ್ಟ್ ದಾಖಲೆಗಳಲ್ಲಿಲ್ಲ. ದೀರ್ಘಕಾಲ ಮರೆವಿಗೆ ಸಂದಿದ್ದ ಅವರ ಜೀವನವು ಇತಿಹಾಸಕಾರ ರಾಮಚಂದ್ರ ಗುಹಾ ಅವರ ಬರಹಗಳ ಮೂಲಕ ಮತ್ತೆ ಬೆಳಕಿಗೆ ಬಂದಿತು.