ಮೂರು ಕೀಲುಗಳ ಮನುಷ್ಯ

ಈ ಬೇಸಿಗೆಯಲ್ಲಿ ಮಂಠಾಳದ ನಮ್ಮ ಮನೆಗೆ ಹೊಸ ಟ್ರ್ಯಾಕ್ಟರ್ ಬಂತು. ಸಾಲದ ಮೊದಲ ಕಂತು ಇನ್ನೂ ಕಟ್ಟಿರಲಿಲ್ಲ. ನಮ್ಮ ಹೊಲದ ಕೆಳಗಿನ ಮೂಲೆಯಲ್ಲಿ ಪ್ರತಿ ಮಳೆಗಾಲ ನೀರು ನಿಂತು ಸೋಯಾ ಕೊಳೆಯುತ್ತದೆ. ಮೇಲಿನ ದಿಣ್ಣೆಯಲ್ಲಿ ನೀರು ನಿಲ್ಲದೆ ತೊಗರಿ ಬಾಡುತ್ತದೆ. ಮುಂಗಾರು ಬರುವುದರೊಳಗೆ ಹೊಲ ಸಮ ಮಾಡಬೇಕೆಂದು ಅಪ್ಪ ಹುಮನಾಬಾದಿಗೆ ಹೋಗಿ ಟ್ರ್ಯಾಕ್ಟರ್ ಹಿಂದೆ ಕಟ್ಟುವ ಬ್ಲೇಡ್ ತಂದರು. ಬಿ.ಇ. ಮೆಕ್ಯಾನಿಕಲ್ ಓದುವ ಮಗ ರಜೆಗೆ ಬಂದಿದ್ದಾನಲ್ಲ, ಓಡಿಸುವ ಕೆಲಸ ನನ್ನ ಪಾಲಿಗೆ ಬಂತು.

ಮೂರನೇ ದಿನ ಬ್ಲೇಡಿಗೆ ಒಂದು ಬಂಡೆ ತಗುಲಿತು. ಅದನ್ನು ಎಳೆದು ತೆಗೆಯೋಣವೆಂದು ಬ್ಲೇಡ್ ಬಿಚ್ಚಿ, ಬಂಡೆಗೆ ಸರಪಳಿ ಸುತ್ತಿ, ಇನ್ನೊಂದು ತುದಿಯನ್ನು ಟ್ರ್ಯಾಕ್ಟರಿನ ಹಿಂಭಾಗದಲ್ಲಿ ಎತ್ತರದಲ್ಲಿದ್ದ ಪಿನ್ನಿಗೆ ಸಿಕ್ಕಿಸಿದೆ. ಕೈಗೆ ಸುಲಭವಾಗಿ ಸಿಕ್ಕಿದ್ದು ಅದೇ. ಕ್ಲಚ್ ಬಿಟ್ಟೆ. ಬಂಡೆ ಅಲುಗಲಿಲ್ಲ, ಟ್ರ್ಯಾಕ್ಟರಿನ ಮುಂದಿನ ಚಕ್ರಗಳು ನೆಲ ಬಿಟ್ಟು ಮೇಲೆದ್ದವು. ಒಡ್ಡಿನ ಮೇಲಿದ್ದ ಅಪ್ಪ ಕೂಗಿದ್ದು ಕೇಳಿಸಿತು. ಕಾಲು ತಾನಾಗಿಯೇ ಕ್ಲಚ್ ಒತ್ತಿತು, ಮುಂಭಾಗ ದಬ್ ಎಂದು ನೆಲಕ್ಕೆ ಬಿತ್ತು. ಅಪ್ಪ ಬೈಯಲಿಲ್ಲ. ನಡುಗುವ ಕೈಯಿಂದ ಸರಪಳಿ ಬಿಚ್ಚಿ ಕೆಳಗಿನ ಡ್ರಾಬಾರಿಗೆ ಹಾಕಿದರು.

ಆ ಮೇಲಿನ ಪಿನ್ ಯಾತಕ್ಕಿದೆ ಎಂದು ಅಂದು ರಾತ್ರಿ ಹುಡುಕುತ್ತಾ ಕೂತೆ. ಸಿಕ್ಕಿದ್ದು ಒಬ್ಬ ಮನುಷ್ಯನ ಬದುಕು. ಅವನ ಹೆಸರು ಹ್ಯಾರಿ ಫರ್ಗ್ಯೂಸನ್.

ಫರ್ಗ್ಯೂಸನ್ ಹುಟ್ಟಿದ್ದು 1884ರ ನವೆಂಬರ್ 4ರಂದು, ಐರ್ಲೆಂಡಿನ ಡೌನ್ ಕೌಂಟಿಯ ಡ್ರೊಮೋರ್ ಸಮೀಪದ ಗ್ರೋವೆಲ್ ಎಂಬಲ್ಲಿ, ರೈತರ ಮನೆಯಲ್ಲಿ. ತಂದೆ ಬಹಳ ಕಟ್ಟುನಿಟ್ಟು. ಹೊಲದ ದುಡಿತ ಈ ಹುಡುಗನಿಗೆ ಹಿಡಿಸಲಿಲ್ಲ. 1902ರಲ್ಲಿ ಮನೆ ಬಿಟ್ಟು, ಬೆಲ್‌ಫಾಸ್ಟ್‌ನಲ್ಲಿ ಸೈಕಲ್ ಮತ್ತು ಕಾರು ರಿಪೇರಿ ಮಾಡುತ್ತಿದ್ದ ಅಣ್ಣ ಜೋನ ಬಳಿ ಕೆಲಸಕ್ಕೆ ಸೇರಿದ. ರೈಟ್ ಸಹೋದರರ ಸುದ್ದಿ ಲೋಕವನ್ನೆಲ್ಲ ಕುಣಿಸುತ್ತಿದ್ದ ಕಾಲ ಅದು. ಇವನೂ ಒಂದು ವಿಮಾನ ಕಟ್ಟಿದ. 1909ರ ಡಿಸೆಂಬರ್ 31ರಂದು ಹಿಲ್ಸ್‌ಬರೋದಲ್ಲಿ ಜೋರು ಗಾಳಿಯ ನಡುವೆ ಸುಮಾರು 130 ಗಜ ದೂರ ಹಾರಿದ. ಐರ್ಲೆಂಡಿನಲ್ಲಿ ವಿಮಾನ ಹಾರಿಸಿದ ಮೊದಲಿಗ ಅವನೇ. ಆಗ ಅವನಿಗೆ ಇಪ್ಪತ್ತೈದು ವರ್ಷ, ನನಗಿಂತ ಐದೇ ವರ್ಷ ದೊಡ್ಡವನು.

ಹೊಲ ಬಿಟ್ಟು ಓಡಿದವನನ್ನು ಮತ್ತೆ ಹೊಲಕ್ಕೆ ತಂದದ್ದು ಮೊದಲ ಮಹಾಯುದ್ಧ. ಆಹಾರದ ಕೊರತೆ ಹೆಚ್ಚಿ ಎಲ್ಲ ಕಡೆ ಹೆಚ್ಚು ನೆಲ ಉಳಬೇಕಾಗಿತ್ತು. 1917ರಲ್ಲಿ ಐರ್ಲೆಂಡಿನ ಕೃಷಿ ಮಂಡಳಿ, ಟ್ರ್ಯಾಕ್ಟರ್ ಮಾರುತ್ತಿದ್ದ ಇವನಿಗೆ ಒಂದು ಕೆಲಸ ಒಪ್ಪಿಸಿತು. ದೇಶದ ಟ್ರ್ಯಾಕ್ಟರುಗಳು ಸರಿಯಾಗಿ ದುಡಿಯುವಂತೆ ನೋಡಿಕೊಳ್ಳಬೇಕು. ಫರ್ಗ್ಯೂಸನ್ ತನ್ನ ಸಹಾಯಕ ವಿಲಿಯಂ ಸ್ಯಾಂಡ್ಸ್ ಜೊತೆ ಊರೂರು ತಿರುಗಿದ. ಹೊಲದಲ್ಲಿ ನಿಂತು ರೈತರು ಉಳುವುದನ್ನು ನೋಡಿದ. ಎತ್ತು ಕುದುರೆಗಳಿಗೆ ಕಟ್ಟುತ್ತಿದ್ದ ಹಾಗೆಯೇ ನೇಗಿಲನ್ನು ಟ್ರ್ಯಾಕ್ಟರ್ ಹಿಂದೆ ಎಳೆದುಕೊಂಡು ಹೋಗುತ್ತಿದ್ದರು. ಎರಡೂ ಬೇರೆ ಬೇರೆ. ನೇಗಿಲು ಕಲ್ಲಿಗೋ ಬೇರಿಗೋ ಸಿಕ್ಕಿಕೊಂಡರೆ ಹಿಂದಿನ ಚಕ್ರ ನಿಲ್ಲುತ್ತದೆ, ಎಂಜಿನ್ ನಿಲ್ಲುವುದಿಲ್ಲ. ಚಕ್ರವನ್ನು ತಿರುಗಿಸಲಾಗದ ಆ ಬಲ ಟ್ರ್ಯಾಕ್ಟರಿನ ಮೈಯನ್ನೇ ಅಚ್ಚಿನ ಸುತ್ತ ಮೇಲೆತ್ತುತ್ತದೆ. ಆ ಕಾಲದ ಹೆಸರುವಾಸಿ ಫೋರ್ಡ್‌ಸನ್ ಟ್ರ್ಯಾಕ್ಟರುಗಳು ಹೀಗೆ ಹಿಂದಕ್ಕೆ ಮಗುಚಿ ಚಾಲಕರನ್ನು ಕೊಂದಿದ್ದವು. ಇದನ್ನು ಓದುವಾಗ ನನ್ನ ಬೆನ್ನು ತಣ್ಣಗಾಯಿತು.

ಟ್ರ್ಯಾಕ್ಟರ್ ಭಾರವಾಗಿದ್ದಷ್ಟೂ ಒಳ್ಳೆಯದು ಎಂದು ಉಳಿದವರು ನಂಬಿದ್ದರು. ಭಾರ ಹೆಚ್ಚಾದರೆ ಮಣ್ಣು ಗಟ್ಟಿಯಾಗುತ್ತದೆ, ಎಣ್ಣೆ ಹೆಚ್ಚು ಕುಡಿಯುತ್ತದೆ, ಬೆಲೆಯೂ ಏರುತ್ತದೆ. ಫರ್ಗ್ಯೂಸನ್ ಬೇರೆ ದಾರಿ ಹಿಡಿದ. ಟ್ರ್ಯಾಕ್ಟರ್ ಮತ್ತು ನೇಗಿಲು ಎರಡನ್ನೂ ಒಂದೇ ಯಂತ್ರವಾಗಿ ಬೆಸೆಯಬೇಕು ಎಂದುಕೊಂಡ. ವರ್ಷಗಟ್ಟಲೆ ಮಾಡಿ ಕೆಡವಿ, ಕೆಡವಿ ಮಾಡಿ, ಕಡೆಗೆ ಮೂರು ಕೀಲುಗಳ ಜೋಡಣೆಗೆ ಬಂದ. ಕೆಳಗಿನ ಎರಡು ತೋಳುಗಳು ನೇಗಿಲನ್ನು ಎಳೆಯುತ್ತವೆ. ಮಣ್ಣು ತಡೆದಾಗ ನೇಗಿಲು ಮುಂದಕ್ಕೆ ಮಗುಚಲು ನೋಡುತ್ತದೆ. ಆಗ ಮೇಲಿನ ಮೂರನೇ ತೋಳು ಟ್ರ್ಯಾಕ್ಟರನ್ನು ಮುಂದಕ್ಕೆ ತಳ್ಳಿ ಮುಂಭಾಗ ಮೇಲೇಳದಂತೆ ಹಿಡಿಯುತ್ತದೆ. ನೇಗಿಲಿನ ಭಾರ ಹಿಂದಿನ ಚಕ್ರಗಳ ಮೇಲೆ ಬೀಳುವುದರಿಂದ ಹಗುರ ಟ್ರ್ಯಾಕ್ಟರಿಗೂ ಹಿಡಿತ ಸಿಗುತ್ತದೆ. ಅದೇ ತಳ್ಳುವ ಬಲ ಒಂದು ಸ್ಪ್ರಿಂಗನ್ನು ಒತ್ತಿ ಹೈಡ್ರಾಲಿಕ್ ವಾಲ್ವಿಗೆ ಸುದ್ದಿ ಮುಟ್ಟಿಸುತ್ತದೆ. ಮಣ್ಣು ಬಿಗಿಯಾದರೆ ನೇಗಿಲು ತಾನೇ ತುಸು ಏಳುತ್ತದೆ, ಸಡಿಲವಾದರೆ ಇಳಿಯುತ್ತದೆ. ಇದೇ ಡ್ರಾಫ್ಟ್ ಕಂಟ್ರೋಲ್. 1926ರಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು.

ನಾನು ಸರಪಳಿ ಸಿಕ್ಕಿಸಿದ್ದು ಆ ಮೂರನೇ ಕೀಲಿಗೆ. ತಳ್ಳಿಸಿಕೊಳ್ಳಲೆಂದು ಮಾಡಿದ ಜಾಗದಿಂದ ಎಳೆಸಿದ್ದೆ. ಚಾಲಕನನ್ನು ಕಾಯುವ ಕೀಲನ್ನೇ ಕೊಲ್ಲುವ ಕೀಲಾಗಿ ಮಾಡಿಕೊಂಡಿದ್ದೆ.

ಪೇಟೆಂಟ್ ಸಿಕ್ಕಿದರೂ ಕಾರ್ಖಾನೆ ಸಿಗಲಿಲ್ಲ. 1933ರಲ್ಲಿ ತನ್ನದೇ ಮಾದರಿ ಟ್ರ್ಯಾಕ್ಟರ್ ಕಟ್ಟಿ ಕಪ್ಪು ಬಣ್ಣ ಬಳಿದ. 1936ರಲ್ಲಿ ಇಂಗ್ಲೆಂಡಿನ ಡೇವಿಡ್ ಬ್ರೌನ್ ಜೊತೆ ಸೇರಿ ತಯಾರಿಕೆ ಶುರು ಮಾಡಿದ. ಸುಮಾರು 1,350 ಟ್ರ್ಯಾಕ್ಟರ್ ಆಗುವಷ್ಟರಲ್ಲಿ ಇಬ್ಬರಿಗೂ ಹೊಂದಾಣಿಕೆ ತಪ್ಪಿತು. 1938ರ ಅಕ್ಟೋಬರಿನಲ್ಲಿ ಟ್ರ್ಯಾಕ್ಟರನ್ನು ಹಡಗಿನಲ್ಲಿ ಅಮೆರಿಕಕ್ಕೆ ಒಯ್ದು ಹೆನ್ರಿ ಫೋರ್ಡ್‌ನ ಹೊಲದಲ್ಲಿ ಉತ್ತು ತೋರಿಸಿದ. ಫೋರ್ಡ್ ಸಹ ರೈತನ ಮಗ, ನೋಡಿದ ಕೂಡಲೇ ಅರ್ಥವಾಯಿತು. ಕಾಗದ ಪತ್ರ ಏನೂ ಇಲ್ಲದೆ ಇಬ್ಬರೂ ಕೈ ಕುಲುಕಿ ಒಪ್ಪಂದ ಮಾಡಿಕೊಂಡರು. 1939ರಲ್ಲಿ ಬಂದ ಅವರ ಟ್ರ್ಯಾಕ್ಟರಿನ ಬೆಲೆ 585 ಡಾಲರ್. ಅದೂ ಅದರ ಮುಂದಿನ ಮಾದರಿಯೂ ಸೇರಿ 3 ಲಕ್ಷಕ್ಕೂ ಹೆಚ್ಚು ತಯಾರಾದವು.

ಆದರೆ ಬಾಯಿಮಾತಿನ ಒಪ್ಪಂದ ಫೋರ್ಡ್ ಇರುವವರೆಗೆ ಮಾತ್ರ ನಡೆಯಿತು. ಮೊಮ್ಮಗ ಅಧಿಕಾರಕ್ಕೆ ಬಂದ ಮೇಲೆ 1947ರಲ್ಲಿ ಸಂಬಂಧ ಮುರಿಯಿತು. ಕಂಪನಿ ಮಾತ್ರ ಅದೇ ಜೋಡಣೆಯ ಟ್ರ್ಯಾಕ್ಟರ್ ಮಾಡುತ್ತಲೇ ಹೋಯಿತು. ಫರ್ಗ್ಯೂಸನ್ 25 ಕೋಟಿ ಡಾಲರಿಗೂ ಮಿಕ್ಕಿ ಪರಿಹಾರ ಕೇಳಿ ಕೋರ್ಟಿಗೆ ಹೋದ. ವರ್ಷಗಳ ಹೋರಾಟದ ನಂತರ 1952ರಲ್ಲಿ 92.5 ಲಕ್ಷ ಡಾಲರಿಗೆ ರಾಜಿಯಾಯಿತು. ಎಂಜಿನಿಯರಿಂಗ್ ಓದುವ ನಮ್ಮಂಥವರಿಗೆ ಇದೂ ಒಂದು ಪಾಠ.

ಅಷ್ಟರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1946ರಿಂದ ಅವನ ಬೂದು ಬಣ್ಣದ ಪುಟ್ಟ ಟ್ರ್ಯಾಕ್ಟರ್ ಟಿಇ–20 ತಯಾರಾಗುತ್ತಿತ್ತು. ತೂಕ ಒಂದು ಟನ್ನಿಗೆ ತುಸು ಹೆಚ್ಚು. 1956ರ ಹೊತ್ತಿಗೆ 5 ಲಕ್ಷಕ್ಕೂ ಹೆಚ್ಚು ಹೊರಬಂದವು. ಎಡ್ಮಂಡ್ ಹಿಲರಿ 1958ರಲ್ಲಿ ದಕ್ಷಿಣ ಧ್ರುವ ತಲುಪಿದ್ದು ಇವೇ ಟ್ರ್ಯಾಕ್ಟರುಗಳಲ್ಲಿ. 1953ರಲ್ಲಿ ಫರ್ಗ್ಯೂಸನ್ ಕಂಪನಿ ಕೆನಡಾದ ಮ್ಯಾಸಿ ಹ್ಯಾರಿಸ್ ಜೊತೆ ಸೇರಿತು. ಮರುವರ್ಷ ಅವನು ಅಲ್ಲಿಂದಲೂ ಹೊರನಡೆದು, ನಾಲ್ಕೂ ಚಕ್ರಕ್ಕೆ ಬಲ ಕೊಡುವ ಕಾರಿನ ಬೆನ್ನು ಹತ್ತಿದ. ಸುಲಭದ ಮನುಷ್ಯನಲ್ಲ, ಜೊತೆಗಾರರೊಡನೆ ಜಗಳ ಕಾಯುತ್ತಲೇ ಬಾಳಿದ. 1960ರ ಅಕ್ಟೋಬರ್ 25ರಂದು ತೀರಿಕೊಂಡ. ಅದೇ ವರ್ಷ ಮದ್ರಾಸಿನಲ್ಲಿ ಹುಟ್ಟಿದ ಟ್ಯಾಫೆ ಕಂಪನಿ ಮ್ಯಾಸಿ ಫರ್ಗ್ಯೂಸನ್ ಟ್ರ್ಯಾಕ್ಟರುಗಳನ್ನು ನಮ್ಮ ದೇಶದ ಹೊಲಗಳಿಗೆ ತಂದಿತು. ಇಂದು ಯಾವ ಕಂಪನಿಯ ಟ್ರ್ಯಾಕ್ಟರ್ ಕೊಂಡರೂ ಹಿಂದೆ ಆ ಮೂರು ಕೀಲು ಇದ್ದೇ ಇರುತ್ತವೆ.

ಮರುದಿನ ಬೆಳಿಗ್ಗೆ ಹೊಲಕ್ಕೆ ಹೋದಾಗ ನನ್ನ ಇನ್ನೊಂದು ತಪ್ಪೂ ಕಣ್ಣಿಗೆ ಬಿತ್ತು. ಮೂರು ದಿನದಿಂದ ಡ್ರಾಫ್ಟ್ ಲಿವರಿನಲ್ಲೇ ಬ್ಲೇಡ್ ಓಡಿಸಿದ್ದೆ. ಗಟ್ಟಿ ಮಣ್ಣಲ್ಲಿ ಬ್ಲೇಡ್ ಎದ್ದು, ಮೆತ್ತನೆ ಮಣ್ಣಲ್ಲಿ ಇಳಿದು ಹೊಲವೆಲ್ಲ ಅಲೆ ಅಲೆಯಾಗಿತ್ತು. ಉಳುವುದಕ್ಕೆ ವರವಾದದ್ದು ಸಮ ಮಾಡುವುದಕ್ಕೆ ಶಾಪ. ಬ್ಲೇಡ್ ಒಂದೇ ಎತ್ತರದಲ್ಲಿ ನಿಲ್ಲಲು ಪೊಸಿಷನ್ ಲಿವರ್ ಬೇಕು. ಅದಕ್ಕೆ ಬದಲಾಯಿಸಿ, ಸಣ್ಣ ಗೇರಿನಲ್ಲಿ, ಒಂದೊಂದು ಸಲಕ್ಕೆ ತೆಳುವಾಗಿ ಹೆರೆದೆವು. ಮೇಲ್ಮಣ್ಣು ಪೂರ್ತಿ ಹೋದರೆ ಬೆಳೆಯೇ ಬರದು ಎಂದು ಅಪ್ಪ ಹೆಜ್ಜೆ ಹೆಜ್ಜೆಗೂ ನಿಲ್ಲಿಸುತ್ತಿದ್ದರು. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ನೋಡಿದೆವು. ನೀರು ಹರಿದು ಹೋಗಲು ತುಸು ಇಳಿಜಾರು ಉಳಿಸಿದೆವು.

ಜೂನ್‌ನ ಮೊದಲ ದೊಡ್ಡ ಮಳೆಯ ಮರುದಿನ ಅಪ್ಪ ಕೆಳಗಿನ ಮೂಲೆಗೆ ಹೋಗಿ ನಿಂತರು. ಚಪ್ಪಲಿಗೆ ಕರಿಮಣ್ಣು ಅಂಟಿತು, ಆದರೆ ನೀರು ನಿಂತಿರಲಿಲ್ಲ. ವಾಪಸ್ ಬರುವಾಗ ಅವರು ಟ್ರ್ಯಾಕ್ಟರ್ ಬಳಿ ನಿಂತು, ಹಿಂದಿನ ಆ ಮೇಲಿನ ಪಿನ್ನನ್ನು ಒಮ್ಮೆ ಕೈಯಿಂದ ಮುಟ್ಟಿ ನೋಡಿದರು. ಇದಕ್ಕೆ ಸರಪಳಿ ಹಾಕಬಾರದೆಂದು ಈಗ ನಮ್ಮ ಓಣಿಯಲ್ಲಿ ಟ್ರ್ಯಾಕ್ಟರ್ ಇರುವ ಎಲ್ಲರಿಗೂ ನಾನೇ ಹೇಳಿ ಬಂದಿದ್ದೇನೆ.